ಲೋಡು, ಏರು ಮತ್ತು ತೆಳು ಗಾಳಿ

ಸಮುದ್ರಮಟ್ಟದಿಂದ ಮೇಲೇರುತ್ತ ಹೋದಂತೆ ಗಾಳಿ ತೆಳುವಾಗುತ್ತದೆ. ಗಾಳಿ ತೆಳುವಾದಷ್ಟೂ ಅದನ್ನು ಉಸಿರಾಡಿ ಬದುಕುವ ಎಂಜಿನ್ನಿನ ಬಲ ತಗ್ಗುತ್ತದೆ. ಇದು ಹಿಮಾಲಯದ ಕಣಿವೆಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಶಿಡ್ಲಘಟ್ಟ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 878 ಮೀಟರ್ ಎತ್ತರದಲ್ಲಿದೆ. ಚಿಕ್ಕಬಳ್ಳಾಪುರ ಸುಮಾರು 915 ಮೀಟರ್, ಚಿಂತಾಮಣಿ ಸುಮಾರು 860, ತಗ್ಗಿನಲ್ಲಿರುವ ಗೌರಿಬಿದನೂರು ಸುಮಾರು 700. ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ತರುವ ಪಿಕಪ್ ಆಗಲಿ, ಚಿಂತಾಮಣಿಯಿಂದ ಟೊಮೆಟೊ ಹೊತ್ತು ಹೊರಡುವ ಪಿಕಪ್ ಆಗಲಿ, ಈ ಬಯಲುಸೀಮೆಯಲ್ಲಿ ಓಡುವ ಪ್ರತಿ ವಾಹನವೂ ಹುಟ್ಟಿದಾರಭ್ಯ ತೆಳು ಗಾಳಿಯನ್ನೇ ಉಸಿರಾಡುತ್ತಿರುತ್ತದೆ. ಗಾಡಿ ಖಾಲಿ ಇದ್ದಾಗ ಈ ಕೊರತೆ ಯಾರಿಗೂ ಗೊತ್ತಾಗುವುದಿಲ್ಲ. ಅದು ಕಣ್ಣಿಗೆ ಬೀಳುವುದು ಲೋಡು ಬಿದ್ದಾಗ, ಅದೂ ಏರು ಎದುರಾದಾಗ. ಎತ್ತರ, ತೂಕ, ಏರು ಈ ಮೂರೂ ಒಂದರ ಮೇಲೊಂದು ಬಿದ್ದು ಕೆಲಸ ಮಾಡುವುದರಿಂದ ಅವುಗಳನ್ನು ಬಿಡಿಸಿ ನೋಡದೆ ಯಾವುದರ ಪಾಲು ಎಷ್ಟು ಎಂಬುದು ತಿಳಿಯುವುದಿಲ್ಲ.

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎಂಬ ಮಾತು ಅರ್ಧ ಸತ್ಯ. ಚೆನ್ನೈನ ಕಡಲತೀರದಲ್ಲಿ ಒಣ ಗಾಳಿಯ ನೂರು ಪಾಲಿನಲ್ಲಿ 21 ಪಾಲು ಆಮ್ಲಜನಕವಿದ್ದರೆ, ನಂದಿಬೆಟ್ಟದ ಮೇಲೂ 21 ಪಾಲೇ ಇರುತ್ತದೆ. ಕಡಿಮೆಯಾಗುವುದು ಒಟ್ಟು ಗಾಳಿ. ವಾತಾವರಣದ ಕೆಳಪದರಗಳು ಮೇಲಿನ ಪದರಗಳ ಭಾರದಿಂದ ಒತ್ತಿಹೋಗಿರುತ್ತವೆ. ಮೇಲೆ ಹೋದಂತೆ ತಲೆಯ ಮೇಲಿರುವ ಗಾಳಿಯ ಹೊರೆ ಇಳಿಯುತ್ತದೆ, ಒತ್ತಡ ಇಳಿಯುತ್ತದೆ, ಗಾಳಿ ಹರಡಿಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ಒತ್ತಡ ಸರಾಸರಿ 1013 ಹೆಕ್ಟೊಪ್ಯಾಸ್ಕಲ್. ಶಿಡ್ಲಘಟ್ಟದಲ್ಲಿ ಸುಮಾರು 912. ಊರಿನ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಈ ವ್ಯತ್ಯಾಸ ದಿನವೂ ಕಾಣಸಿಗುತ್ತದೆ: ಗೂಡು ಬೇಯಿಸುವ ನೀರು ಇಲ್ಲಿ 100 ಡಿಗ್ರಿಗೆ ಕಾಯುವುದಿಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ.

ಬೆಟ್ಟ ಹತ್ತಿದರೆ ಗಾಳಿಯ ಒತ್ತಡ ತಗ್ಗುತ್ತದೆ ಎಂಬುದನ್ನು ಮೊದಲು ಅಳೆದು ತೋರಿಸಿದ್ದು 1648ರ ಸೆಪ್ಟೆಂಬರ್ 19ರಂದು, ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟದಲ್ಲಿ. ಬ್ಲೇಸ್ ಪಾಸ್ಕಲ್‌ನ ಸೂಚನೆಯಂತೆ ಅವನ ಭಾವ ಫ್ಲೋರಾಂ ಪೆರಿಯೆ ಪಾದರಸದ ನಳಿಗೆಯನ್ನು ಹೊತ್ತು ಬೆಟ್ಟ ಏರಿದ. ಇನ್ನೊಂದು ನಳಿಗೆಯನ್ನು ಕೆಳಗಿನ ಕ್ಲೆರ್ಮಾಂ ಪಟ್ಟಣದ ಮಠದ ತೋಟದಲ್ಲಿ ಇಟ್ಟು, ದಿನವಿಡೀ ಅದರ ಮೇಲೆ ಕಣ್ಣಿಡಲು ಒಬ್ಬರನ್ನು ನೇಮಿಸಿದ್ದ. ತೋಟದ ನಳಿಗೆಯ ಪಾದರಸ ಕದಲಲಿಲ್ಲ. ಶಿಖರದಲ್ಲಿ ಅದು ಸುಮಾರು 85 ಮಿಲಿಮೀಟರ್ ಕೆಳಗಿಳಿದಿತ್ತು. ಆ ಬೆಟ್ಟದ ಎತ್ತರ 1,465 ಮೀಟರ್. ನಂದಿಬೆಟ್ಟ 1,478 ಮೀಟರ್. ಅಂದರೆ ಪೆರಿಯೆ ಶಿಖರದಲ್ಲಿ ಕಂಡ ಒತ್ತಡ ಹೆಚ್ಚುಕಡಿಮೆ ನಂದಿಯ ಮೇಲಿನ ಒತ್ತಡವೇ, ಸುಮಾರು 850 ಹೆಕ್ಟೊಪ್ಯಾಸ್ಕಲ್. ಚಿಕ್ಕಬಳ್ಳಾಪುರದಿಂದ ಅದೇ ಬಗೆಯ ನಳಿಗೆಯನ್ನು ಹೊತ್ತು ನಂದಿ ಏರಿದರೆ ಪಾದರಸ 4 ಸೆಂಟಿಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಶಾಲಾ ಮಕ್ಕಳು ಇಂದು ಒತ್ತಡ ಅಳೆಯುವ ಮೊಬೈಲ್ ಫೋನ್ ಹಿಡಿದು, ಪಾದರಸದ ಗೊಡವೆಯಿಲ್ಲದೆ, ಈ ಪ್ರಯೋಗವನ್ನು ಒಂದು ಬೆಳಗಿನಲ್ಲಿ ಮಾಡಿ ಮುಗಿಸಬಹುದು.

ಎಂಜಿನ್ನಿಗೆ ಇದರಿಂದ ಏನಾಗುತ್ತದೆ? ಪಿಕಪ್‌ಗಳ ಎಂಜಿನ್ ನಾಲ್ಕು ಹೊಡೆತದ್ದು. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನೊಳಗೆ ಜಾಗ ಬಿಚ್ಚಿಕೊಳ್ಳುತ್ತದೆ, ಹೊರಗಿನ ಒತ್ತಡ ಗಾಳಿಯನ್ನು ಆ ಜಾಗಕ್ಕೆ ನೂಕುತ್ತದೆ. ಎಂಜಿನ್ ತುಂಬಿಕೊಳ್ಳುವುದು ಗಾತ್ರವನ್ನು, ಉರಿಯಲು ಬೇಕಾಗುವುದು ತೂಕ. ಎರಡೂವರೆ ಲೀಟರ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಸೋರಿಕೆ ಅಡೆತಡೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಿಮಿಷಕ್ಕೆ 3,750 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. 15 ಡಿಗ್ರಿ ತಾಪದ ಸಮುದ್ರಮಟ್ಟದ ಗಾಳಿ ಘನಮೀಟರಿಗೆ 1.225 ಕೆ.ಜಿ. ತೂಗುತ್ತದೆ, ಹಾಗಾಗಿ ಅಲ್ಲಿ ಒಳಬರುವುದು ಸುಮಾರು 4.6 ಕೆ.ಜಿ. ಶಿಡ್ಲಘಟ್ಟದ ಎತ್ತರದಲ್ಲಿ ಅಷ್ಟೇ ಲೀಟರ್ ಗಾಳಿಯ ತೂಕ ಸುಮಾರು 4.2 ಕೆ.ಜಿ. ನಿಮಿಷಕ್ಕೆ 400 ಗ್ರಾಂ ಗಾಳಿ ಖೋತಾ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 14.5 ಗ್ರಾಂ ಗಾಳಿ ಬೇಕು. ಡೀಸೆಲ್ ಹನಿಗಳು ಸಿಲಿಂಡರಿನ ಎಲ್ಲ ಮೂಲೆಯ ಗಾಳಿಯನ್ನೂ ತಲುಪಲಾರವು, ಆದ್ದರಿಂದ ಹೊಗೆ ಬಾರದಂತೆ ಉರಿಸಲು ಇನ್ನೂ ಹೆಚ್ಚು ಬೇಕು. ಗಾಳಿ ಕಡಿಮೆಯಾದಾಗ ಹೊಗೆಯಿಲ್ಲದೆ ಉರಿಸಬಹುದಾದ ಡೀಸೆಲ್ಲೂ ಕಡಿಮೆ, ಹೊರಬರುವ ಬಲವೂ ಕಡಿಮೆ.

ಗಾಳಿ ಶೇಕಡ 8ರಷ್ಟು ತೆಳುವಾದರೆ ಬಲವೂ ಶೇಕಡ 8 ಮಾತ್ರ ತಗ್ಗಬೇಕಲ್ಲವೇ ಎಂದರೆ, ಹಾಗಾಗುವುದಿಲ್ಲ. ಸಿಲಿಂಡರಿನೊಳಗೆ ಹುಟ್ಟುವ ಶಕ್ತಿಯೆಲ್ಲ ಚಕ್ರದ ಕಡೆಗೆ ಹೋಗುವುದಿಲ್ಲ. ಪಿಸ್ಟನ್ ಉಂಗುರಗಳ ಘರ್ಷಣೆ, ಬೇರಿಂಗುಗಳು, ಆಯಿಲ್ ಪಂಪ್, ನೀರಿನ ಪಂಪ್ ಎಲ್ಲ ತಮ್ಮ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತವೆ, ಮತ್ತು ಎತ್ತರ ಹೆಚ್ಚಿತೆಂದು ಆ ಪಾಲು ಕಡಿಮೆಯಾಗುವುದಿಲ್ಲ. ಒಳಗೆ ಹುಟ್ಟುವ ಶಕ್ತಿ 100, ಘರ್ಷಣೆಯ ಪಾಲು 20 ಎಂದಿಟ್ಟುಕೊಂಡರೆ ಹೊರಬರುವುದು 80. ಒಳಗಿನ ಶಕ್ತಿ 92ಕ್ಕೆ ಇಳಿದಾಗ ಹೊರಬರುವುದು 72. ಶೇಕಡ 8ರ ನಷ್ಟ ಶೇಕಡ 10 ಆಯಿತು. ನಂದಿಯ ನೆತ್ತಿಯಲ್ಲಿ ಗಾಳಿ ಶೇಕಡ 13.5ರಷ್ಟು ತೆಳು, ಇದೇ ಲೆಕ್ಕದಂತೆ ಬಲದ ನಷ್ಟ ಶೇಕಡ 17ರ ಹತ್ತಿರ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ನು ಸಾವಿರ ಮೀಟರಿಗೆ ಹತ್ತನೇ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ ಎಂದು ಎಂಜಿನಿಯರುಗಳು ಬಾಯಿಲೆಕ್ಕ ಹಾಕುವುದು ಈ ಕಾರಣಕ್ಕೇ. ಕರಪತ್ರದಲ್ಲಿ ಅಚ್ಚಾಗುವ ಅಶ್ವಶಕ್ತಿಯ ಅಂಕಿ ಇದನ್ನು ಹೇಳುವುದಿಲ್ಲ. ಪರೀಕ್ಷೆ ಎಲ್ಲೇ ನಡೆದಿರಲಿ, ಫಲಿತಾಂಶವನ್ನು 25 ಡಿಗ್ರಿ ತಾಪ ಮತ್ತು 990 ಹೆಕ್ಟೊಪ್ಯಾಸ್ಕಲ್ ಒತ್ತಡದ ಒಣ ಗಾಳಿಗೆ ಹೊಂದಿಸಿ ಹೇಳುವುದು ಅಂತರರಾಷ್ಟ್ರೀಯ ಪದ್ಧತಿ. ಅದು ತಗ್ಗು ನಾಡಿನ ಗಾಳಿ, ಶಿಡ್ಲಘಟ್ಟದ್ದಲ್ಲ.

ಎತ್ತರವೊಂದೇ ಗಾಳಿಯನ್ನು ತೆಳುವಾಗಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಬಿಸಿ ಗಾಳಿ ಹಿಗ್ಗುತ್ತದೆ. ತೇವದ ಗಾಳಿಯಲ್ಲಿ ನೀರಾವಿ ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಮೇ ತಿಂಗಳ ಮಧ್ಯಾಹ್ನ 38 ಡಿಗ್ರಿ ಬಿಸಿಲಲ್ಲಿ, ಕಡಲಿನ ತೇವವನ್ನು ಕಳೆದರೆ, ಚೆನ್ನೈನ ಒಂದು ಘನಮೀಟರಿನಲ್ಲಿ ಉಳಿಯುವ ಒಣ ಗಾಳಿ ಸುಮಾರು 1.09 ಕೆ.ಜಿ. ಜನವರಿಯ ನಸುಕಿನಲ್ಲಿ 15 ಡಿಗ್ರಿ ಚಳಿಯ ಶಿಡ್ಲಘಟ್ಟದಲ್ಲೂ ಅದು ಸುಮಾರು 1.09 ಕೆ.ಜಿ.ಯೇ. 878 ಮೀಟರ್ ಎತ್ತರದ ನಷ್ಟವನ್ನು ಚಳಿ ಪೂರ್ತಿ ತುಂಬಿಕೊಡುತ್ತದೆ! ಅದೇ ಶಿಡ್ಲಘಟ್ಟದಲ್ಲಿ ಬೇಸಿಗೆಯ 36 ಡಿಗ್ರಿ ಬಿಸಿಲಿಗೆ ಆ ತೂಕ 1.01 ಕೆ.ಜಿ.ಗೆ ಇಳಿಯುತ್ತದೆ. ಬೆಳಗಿನ ಜಾವ ಚೆನ್ನಾಗಿ ಎಳೆಯುವ ಗಾಡಿ ಮಟಮಟ ಮಧ್ಯಾಹ್ನ ಮಂಕಾಗುತ್ತದೆ ಎಂಬ ಚಾಲಕರ ಅನುಭವದಲ್ಲಿ ಭ್ರಮೆಯೇನೂ ಇಲ್ಲ, ವಿಶೇಷವಾಗಿ ಟರ್ಬೊ ಇಲ್ಲದ ಗಾಡಿಗಳಲ್ಲಿ.

ಗಾಳಿ ಕಡಿಮೆಯಾದುದನ್ನು ಎಂಜಿನ್ ಹೇಗೆ ತಿಳಿಯುತ್ತದೆ ಎಂಬುದು ಅದರ ವಯಸ್ಸನ್ನು ಅವಲಂಬಿಸಿದೆ. ಹಳೆಯ ಡೀಸೆಲ್ ಗಾಡಿಗಳ ಯಾಂತ್ರಿಕ ಪಂಪಿಗೆ ಅದು ತಿಳಿಯುವುದೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಕಡಲತೀರದಲ್ಲಿ ಎಷ್ಟು ಡೀಸೆಲ್ ಚಿಮ್ಮಿಸುತ್ತಿತ್ತೋ ನಂದಿಯ ತಿರುವಿನಲ್ಲೂ ಅಷ್ಟೇ ಚಿಮ್ಮಿಸುತ್ತದೆ. ಉರಿಯಲು ಗಾಳಿ ಸಾಲದೆ ಡೀಸೆಲ್ಲಿನ ಇಂಗಾಲ ಮಸಿಯಾಗಿ ಹೊರಬೀಳುತ್ತದೆ. ಏರಿನಲ್ಲಿ ತೆವಳುವ ಹಳೆಯ ಗಾಡಿಯ ಹಿಂದೆ ಏಳುವ ಕರಿಹೊಗೆ ಎಂದರೆ ಹಣ ಕೊಟ್ಟು ತುಂಬಿಸಿ, ಕೆಲಸ ಮಾಡಿಸಿಕೊಳ್ಳಲಾಗದೆ ಹೋದ ಡೀಸೆಲ್. ಕಾರ್ಬುರೇಟರಿನ ಪೆಟ್ರೋಲ್ ಎಂಜಿನ್‌ಗಳದ್ದೂ ಇದೇ ಪಾಡು: ಎತ್ತರದಲ್ಲಿ ಗಾಳಿಯ ತೂಕ ಇಳಿದಷ್ಟು ವೇಗವಾಗಿ ಪೆಟ್ರೋಲಿನ ಹರಿವು ಇಳಿಯುವುದಿಲ್ಲ. 2020ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾಗುವ ಗಾಡಿಗಳಲ್ಲಿ ಗಾಳಿಯ ಒತ್ತಡ, ತಾಪ, ಹರಿವುಗಳನ್ನು ಸಂವೇದಕಗಳು ಅಳೆಯುತ್ತವೆ, ಎಂಜಿನ್ನಿನ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಇಂಧನ ಕಡಿತಗೊಳಿಸುತ್ತದೆ. ಕರಿಹೊಗೆ ನಿಲ್ಲುತ್ತದೆ. ಆದರೆ ಕಂಪ್ಯೂಟರ್ ಇಲ್ಲದ ಗಾಳಿಯನ್ನು ಸೃಷ್ಟಿಸಲಾರದು. ಎಷ್ಟೇ ತುಳಿದರೂ ಗಾಡಿ ತಾನು ಕೊಡಬಹುದಾದಷ್ಟನ್ನೇ ಕೊಡುತ್ತದೆ.

ಇನ್ನು ಲೋಡಿನ ವಿಚಾರ. ಇದೇ ಈ ಅಧ್ಯಾಯದ ಹೃದಯ. ಸಮತಟ್ಟಾದ ರಸ್ತೆಯಲ್ಲಿ ಗಾಡಿ ಎದುರಿಸುವುದು ಟೈರುಗಳ ಉರುಳು ಪ್ರತಿರೋಧ ಮತ್ತು ಗಾಳಿಯ ತಡೆಯನ್ನು ಮಾತ್ರ. ಏರಿನಲ್ಲಿ ಅದರ ಜತೆಗೆ ತನ್ನ ತೂಕದ ಒಂದು ಪಾಲನ್ನು ಎತ್ತಬೇಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯೆಂದರೆ ತೂಕದ ಶೇಕಡ 8. ಲೋಡು ಸೇರಿ 1,550 ಕೆ.ಜಿ. ತೂಗುವ ಸಣ್ಣ ಪಿಕಪ್ ಇಂಥ ಏರಿನಲ್ಲಿ 124 ಕೆ.ಜಿ. ಭಾರವನ್ನು ನೇರವಾಗಿ ಎಳೆದು ಹಿಡಿಯುವಷ್ಟು ಬಲವನ್ನು ಚಕ್ರಗಳಲ್ಲಿ ಹುಟ್ಟಿಸಬೇಕು. ಟೈರುಗಳ ಪ್ರತಿರೋಧ ಸುಮಾರು 20 ಕೆ.ಜಿ. ಸೇರಿ ಒಟ್ಟು 144. ಅದೇ ಗಾಡಿ ಖಾಲಿಯಾಗಿ 900 ಕೆ.ಜಿ. ಇದ್ದರೆ ಬೇಕಾಗುವ ಬಲ 84 ಕೆ.ಜಿ. ಮಾತ್ರ.

ಈ ಗಾಡಿ ಎರಡನೇ ಗೇರಿನಲ್ಲಿ ಸಮುದ್ರಮಟ್ಟದಲ್ಲಿ ಹೆಚ್ಚೆಂದರೆ 160 ಕೆ.ಜಿ. ಎಳೆತ ಕೊಡುತ್ತದೆ ಎಂದು ಊಹಿಸೋಣ. ಲೋಡಿದ್ದಾಗ ಉಳಿತಾಯ 16 ಕೆ.ಜಿ.; ಗಾಡಿ ಎರಡನೇ ಗೇರಿನಲ್ಲೇ ನೆಮ್ಮದಿಯಾಗಿ ಹತ್ತುತ್ತದೆ. ಶಿಡ್ಲಘಟ್ಟದ ಎತ್ತರದಲ್ಲಿ ಶೇಕಡ 10 ಕಳೆದು ಎಳೆತ 144ಕ್ಕೆ ಬರುತ್ತದೆ, ಉಳಿತಾಯ ಸೊನ್ನೆ. ನಂದಿಯ ಮೇಲ್ತಿರುವುಗಳಲ್ಲಿ ಎಳೆತ 133. ಬೇಕಾದುದಕ್ಕಿಂತ 11 ಕೆ.ಜಿ. ಕಡಿಮೆ. ಎಂಜಿನ್ ಏದುಸಿರು ಬಿಡುತ್ತದೆ, ಸುತ್ತು ಬೀಳುತ್ತದೆ, ಚಾಲಕ ಮೊದಲ ಗೇರಿಗೆ ಇಳಿಸಲೇಬೇಕು. ಸಾಮಾನ್ಯ ಪಿಕಪ್‌ಗಳಲ್ಲಿ ಎರಡನೇ ಗೇರಿಗಿಂತ ಮೊದಲ ಗೇರಿನಲ್ಲಿ ವೇಗ ಶೇಕಡ 40ಕ್ಕೂ ಹೆಚ್ಚು ಕಡಿಮೆ. ಹೀಗೆ ಎಂಜಿನ್ನಿನ ಹತ್ತು ಹದಿನೇಳರ ನಷ್ಟ ರಸ್ತೆಯ ಮೇಲೆ ನಲವತ್ತರ ನಷ್ಟವಾಗಿ ಕಾಣುತ್ತದೆ. ಖಾಲಿ ಗಾಡಿಯನ್ನು ನೋಡಿ: ಅದೇ 133 ಕೆ.ಜಿ. ಎಳೆತದಲ್ಲಿ 84 ಖರ್ಚಾಗಿ ಇನ್ನೂ 49 ಉಳಿದಿರುತ್ತದೆ. ಚಾಲಕನಿಗೆ ಎತ್ತರದ ಸುಳಿವೇ ಸಿಗುವುದಿಲ್ಲ. ತೆಳು ಗಾಳಿ ಕದಿಯುವುದು ಒಟ್ಟು ಬಲದ ಸಣ್ಣ ಪಾಲನ್ನು. ಲೋಡು ಮತ್ತು ಏರು ಮೊದಲೇ ಬಹುಪಾಲನ್ನು ಬಳಸಿಕೊಂಡಿರುವುದರಿಂದ ಆ ಸಣ್ಣ ಪಾಲೇ ಇಡೀ ಉಳಿತಾಯವಾಗಿರುತ್ತದೆ.

ಚೆನ್ನೈನಿಂದ ಮರಳುವ ಗಾಡಿಗಳು ಚಿತ್ತೂರು ದಾಟಿ ಪಲಮನೇರಿನ ಕಡೆಗೆ ಮೊಗಿಲಿ ಘಾಟಿ ಹತ್ತುವಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಚಿತ್ತೂರು ಸುಮಾರು 330 ಮೀಟರ್, ಪಲಮನೇರು ಸುಮಾರು 680. ಈ ಏರಿಕೆಯಲ್ಲಿ ಗಾಳಿ ತೆಳುವಾಗುವುದು ಶೇಕಡ ಮೂರೂವರೆಯಷ್ಟು ಮಾತ್ರ. ಘಾಟಿಯಲ್ಲಿ ತೆವಳಿದ ಗಾಡಿ ಮುಳಬಾಗಿಲಿನ ಬಯಲಿಗೆ ಬಂದೊಡನೆ, ಗಾಳಿ ಇನ್ನೂ ತೆಳುವಾಗಿದ್ದರೂ, ಟಾಪ್ ಗೇರಿನಲ್ಲಿ ಓಡತೊಡಗುತ್ತದೆ. ಘಾಟಿಯ ಕಷ್ಟಕ್ಕೆ ಮುಖ್ಯ ಕಾರಣ ಏರು ಮತ್ತು ಭಾರ. ಗಾಳಿಯ ಪಾಲು ಸಣ್ಣದು. ಗಾಡಿ ಎಳೆಯುತ್ತಿಲ್ಲ ಎಂದಾಗ ಎತ್ತರವನ್ನು ದೂರುವ ಮೊದಲು ಲೋಡನ್ನು ತೂಗಿ ನೋಡುವುದು ನ್ಯಾಯ.

ಲೋಡು ಎಂದರೆ ಎಲ್ಲವೂ ಒಂದೇ ಅಲ್ಲ. ರೇಷ್ಮೆಗೂಡು ಹಗುರ; ಜಾಗ ತುಂಬುವುದೇ ಹೊರತು ತೂಕ ಮಿತಿ ಮುಟ್ಟುವುದು ಅಪರೂಪ. ಟೊಮೆಟೊ ಹಾಗಲ್ಲ. ಕೋಲಾರ ಭಾಗದ ಮಾರುಕಟ್ಟೆಯಲ್ಲಿ ಅದು 15 ಕೆ.ಜಿ. ಕ್ರೇಟುಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ, ನೂರು ಕ್ರೇಟಿಗೆ ಹಣ್ಣಿನ ತೂಕವೇ ಒಂದೂವರೆ ಟನ್. ದ್ರಾಕ್ಷಿ ಚಪ್ಪರಕ್ಕೆ ಒಯ್ಯುವ ಕಲ್ಲುಕಂಬಗಳದ್ದು ಇನ್ನೂ ಮೋಸದ ಲೋಡು: ಡಬ್ಬಿಯ ತಳ ಮುಚ್ಚುವಷ್ಟರಲ್ಲಿ ತೂಕದ ಮಿತಿ ಮುಗಿದಿರುತ್ತದೆ, ನೋಡುವವರಿಗೆ ಗಾಡಿ ಅರ್ಧ ಖಾಲಿ ಇದ್ದಂತೆ ಕಾಣುತ್ತದೆ.

ಎತ್ತರದ ನಷ್ಟಕ್ಕೆ ಮದ್ದು ಟರ್ಬೊಚಾರ್ಜರ್. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಸಣ್ಣ ಚಕ್ರವನ್ನು ತಿರುಗಿಸಿ, ಅದೇ ಕಂಬಿಯ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು ಇದರ ಕೆಲಸ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದ. ಇದು ಎತ್ತರದ ಸಮಸ್ಯೆಗೆ ಎಷ್ಟು ಸೂಕ್ತ ಎಂಬುದು ಸಾಬೀತಾದದ್ದು 1918ರಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫೋರ್ಡ್ ಮಾಸ್ ಮತ್ತು ಸಂಗಡಿಗರು ಲಿಬರ್ಟಿ ವಿಮಾನ ಎಂಜಿನ್ನನ್ನು ಅಮೆರಿಕದ ಕೊಲರಾಡೊದಲ್ಲಿರುವ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ, 14,000 ಅಡಿಗೂ ಮೇಲಕ್ಕೆ, ಹೊತ್ತೊಯ್ದರು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ ಸುಮಾರು 230ಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದಾಗ ಮತ್ತೆ 350ನ್ನು ದಾಟಿತು.

ಬಯಲುಸೀಮೆಯ ರಸ್ತೆಗಳಲ್ಲಿ ಎರಡೂ ಬಗೆಯ ಗಾಡಿಗಳು ಓಡುತ್ತವೆ. 2005ರಲ್ಲಿ ಬಂದ ಟಾಟಾ ಏಸ್‌ನ ಮೊದಲ ಮಾದರಿಯದು 702 ಸಿಸಿಯ ಎರಡು ಸಿಲಿಂಡರ್ ಎಂಜಿನ್, 16 ಅಶ್ವಶಕ್ತಿ, ಟರ್ಬೊ ಇಲ್ಲ. 2011ರಲ್ಲಿ ಬಂದ, ಹೊಸೂರಿನಲ್ಲಿ ತಯಾರಾಗುವ ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ ಟರ್ಬೊ ಇದೆ. ಟರ್ಬೊ ಇರುವ ಗಾಡಿ ನಂದಿಯ ಎತ್ತರದಲ್ಲೂ ತನ್ನ ಪೂರ್ಣ ಬಲದ ಹತ್ತಿರವೇ ಇರಬಲ್ಲದು, ಏಕೆಂದರೆ ತೆಳು ಗಾಳಿ ಸಿಕ್ಕಾಗ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ತುಂಬುತ್ತದೆ. ಹೆಚ್ಚು ಒತ್ತಿದ ಗಾಳಿ ಹೆಚ್ಚು ಬಿಸಿಯಾಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಬೇಕಾಗುತ್ತದೆ. ಆದರೆ ಟರ್ಬೊ ತಿರುಗಲು ಹೊಗೆಯ ರಭಸ ಬೇಕು. ಲೋಡು ಗಾಡಿಯನ್ನು ಕಡಿದಾದ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವ ಗಳಿಗೆಯಲ್ಲಿ ಎಂಜಿನ್ ಮೆಲ್ಲಗೆ ತಿರುಗುತ್ತಿರುತ್ತದೆ, ಟರ್ಬೊ ನಿದ್ದೆಯಲ್ಲಿರುತ್ತದೆ. ಆ ಕೆಲವು ಕ್ಷಣ ಅದೂ ಟರ್ಬೊ ಇಲ್ಲದ ಗಾಡಿಯೇ. ನಂದಿಯ ತಿರುವುಗಳಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವುದು ಇಂಥ ಗಳಿಗೆಗಳಲ್ಲೇ.

ಎತ್ತರಕ್ಕೆ ಹೋಗದೆಯೂ ಎಂಜಿನ್ನಿಗೆ ಎತ್ತರದ ಗಾಳಿ ಕುಡಿಸುವ ಸಂಗತಿಯೊಂದಿದೆ: ಧೂಳು ಕಟ್ಟಿದ ಏರ್ ಫಿಲ್ಟರ್. ಶಿಡ್ಲಘಟ್ಟ, ಚಿಂತಾಮಣಿಗಳ ಬೇಸಿಗೆಯ ಹಳ್ಳಿರಸ್ತೆಗಳಲ್ಲಿ ಫಿಲ್ಟರ್ ಬೇಗ ಮುಚ್ಚಿಕೊಳ್ಳುತ್ತದೆ. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಫಿಲ್ಟರಿನ ತಡೆ 25 ಇಂಚು ನೀರಿನ ಮಟ್ಟವನ್ನು, ಅಂದರೆ ಸುಮಾರು 62 ಹೆಕ್ಟೊಪ್ಯಾಸ್ಕಲನ್ನು, ಮುಟ್ಟಿದರೆ ಬದಲಿಸಬೇಕೆಂಬುದು ಸಾಮಾನ್ಯ ನಿಯಮ. ಚಿಕ್ಕಬಳ್ಳಾಪುರಕ್ಕೂ ನಂದಿಯ ನೆತ್ತಿಗೂ ಇರುವ ಒತ್ತಡದ ವ್ಯತ್ಯಾಸ ಸುಮಾರು 60. ಬದಲಿಸುವ ಹಂತಕ್ಕೆ ಬಂದ ಫಿಲ್ಟರ್ ಹೊತ್ತ ಗಾಡಿ, ಪೂರ್ತಿ ಬಲ ಬೇಡಿದಾಗ, ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಮುಂದೆ ನಿಂತೇ ನಂದಿಬೆಟ್ಟದ ಗಾಳಿಯನ್ನು ಉಸಿರಾಡುತ್ತದೆ. ಎತ್ತರವನ್ನು ಯಾರೂ ಬದಲಿಸಲಾರರು, ಫಿಲ್ಟರನ್ನು ಬದಲಿಸಬಹುದು.

ಸಿಎನ್‌ಜಿ ಪಿಕಪ್‌ಗಳಿಗೆ ಇನ್ನೊಂದು ತೊಡಕಿದೆ. ಅನಿಲವೇ ಇಂಧನವಾದ್ದರಿಂದ ಸಿಲಿಂಡರಿಗೆ ಹೋಗುವ ಮಿಶ್ರಣದಲ್ಲಿ ಹತ್ತನೇ ಒಂದರಷ್ಟು ಜಾಗವನ್ನು ಅದೇ ಹಿಡಿಯುತ್ತದೆ, ಗಾಳಿಗೆ ಅಷ್ಟು ಜಾಗ ಕಡಿಮೆ. ಎತ್ತರದ ನಷ್ಟ ಇದರ ಮೇಲೆ ಬೀಳುತ್ತದೆ. ರೇಡಿಯೇಟರಿಗೂ ಎತ್ತರ ತಟ್ಟುತ್ತದೆ: ಅದರ ಮೂಲಕ ಹಾಯುವ ತೆಳು ಗಾಳಿ ಕಡಿಮೆ ಶಾಖ ಹೊತ್ತೊಯ್ಯುತ್ತದೆ, ಮೊದಲ ಗೇರಿನಲ್ಲಿ ತೆವಳುವ ಗಾಡಿಗೆ ಎದುರುಗಾಳಿಯ ನೆರವೂ ಇಲ್ಲ. ಲೋಡು ಗಾಡಿ ಘಾಟಿಯಲ್ಲಿ ಹೀಟ್ ಆಗುವುದು ಇದರಿಂದ.

ಇಳಿಯುವಾಗಿನ ಒಂದು ಪರಿಣಾಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬಹುತೇಕ ಪಿಕಪ್‌ಗಳ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಒಂದು ಬದಿಯ ನಿರ್ವಾತಕ್ಕೂ ಇನ್ನೊಂದು ಬದಿಯ ಹೊರಗಾಳಿಗೂ ಇರುವ ಒತ್ತಡದ ವ್ಯತ್ಯಾಸದಿಂದ. ಹೊರಗಿನ ಒತ್ತಡ ಶೇಕಡ 16ರಷ್ಟು ಇಳಿದ ನಂದಿಯ ನೆತ್ತಿಯಲ್ಲಿ ಬೂಸ್ಟರ್ ಕೊಡಬಲ್ಲ ಗರಿಷ್ಠ ನೆರವೂ ಹೆಚ್ಚುಕಡಿಮೆ ಅಷ್ಟೇ ಇಳಿದಿರುತ್ತದೆ. ಬ್ರೇಕ್ ಹಿಡಿಯುತ್ತದೆ, ಕಾಲು ಹೆಚ್ಚು ಒತ್ತಬೇಕು. ಲೋಡು ಇಳಿಸುವಾಗ ಕೆಳಗೇರಿನಲ್ಲಿ ಎಂಜಿನ್ನಿನ ತಡೆಯನ್ನೇ ನೆಚ್ಚಿ ಬ್ರೇಕನ್ನು ಮಿತವಾಗಿ ಬಳಸುವ ಅನುಭವಿ ಚಾಲಕರ ರೂಢಿಗೆ ಇದೂ ಒಂದು ಸಮರ್ಥನೆ.

ಕರ್ನಾಟಕದಲ್ಲಿ ಈ ನಷ್ಟಗಳಿಗೆ ಒಂದು ಮಿತಿಯಿದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸುಮಾರು ಐದನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುವ ಸಂದರ್ಭ ಅಪರೂಪ. ಲಡಾಖಿನ ಉಮ್ಲಿಂಗ್ ಲಾ ರಸ್ತೆ 5,798 ಮೀಟರ್ ಮುಟ್ಟುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ.

ವಿದ್ಯುತ್ ಪಿಕಪ್‌ಗಳು ಈ ಲೆಕ್ಕದಿಂದಲೇ ಹೊರಗೆ ನಿಲ್ಲುತ್ತವೆ. ಮೋಟರಿಗೆ ಉರಿಸಲು ಗಾಳಿ ಬೇಡ. ನಿಂತಲ್ಲಿಂದಲೇ ಅದು ಪೂರ್ಣ ಎಳೆತ ಕೊಡುತ್ತದೆ, ನಂದಿಯ ಮೇಲೂ ಕೆಳಗೂ ಅಷ್ಟೇ. ಲೋಡು ಹೊತ್ತು ಇಳಿಯುವಾಗ ಮೋಟರು ಜನರೇಟರಾಗಿ ತಿರುಗಿ ಏರುವಾಗ ಖರ್ಚಾದ ವಿದ್ಯುತ್ತಿನ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ತೂಕ ಮತ್ತು ಏರಿನ ಲೆಕ್ಕ ಮಾತ್ರ ಅವಕ್ಕೂ ತಪ್ಪಿದ್ದಲ್ಲ, ಏರು ಹೆಚ್ಚಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ತೆಳು ಗಾಳಿ ಅವನ್ನು ಮುಟ್ಟುವುದು ತಣಿಸುವಿಕೆಯಲ್ಲಿ. ವಿದ್ಯುತ್ ಮೋಟರುಗಳ ಸಾಮರ್ಥ್ಯವನ್ನು ನಮೂದಿಸುವ ಅಂತರರಾಷ್ಟ್ರೀಯ ಮಾನದಂಡ 1,000 ಮೀಟರ್ ಎತ್ತರದವರೆಗೆ ಯಾವ ಕಡಿತವನ್ನೂ ಕೇಳುವುದಿಲ್ಲ. ಅದಕ್ಕಿಂತ ಮೇಲೆ ಬಳಸುವುದಾದರೆ ಮೋಟರು ಹೆಚ್ಚು ಬಿಸಿಯಾಗುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ನಾಲ್ಕೂ ಆ ಗೆರೆಯ ಕೆಳಗೇ ಇವೆ, ನಂದಿಬೆಟ್ಟದ ರಸ್ತೆಯ ಮೇಲ್ಭಾಗ ಮಾತ್ರ ಅದನ್ನು ದಾಟುತ್ತದೆ.